ಕಥೆಯನ್ನು ಕಸಿದುಕೊಂಡು ನೀತಿಯನ್ನಷ್ಟೇ ಕೊಡುವುದೇ?

ನಮ್ಮ ಬಸದಿಗಳ ಆಶ್ರಯದಲ್ಲಿ ನಡೆಯುವ ಧಾರ್ಮಿಕ ಪಾಠಶಾಲೆಗಳಲ್ಲಿಯೂ ದಶಲಕ್ಷಣ ಪರ್ವದ ಸ್ಪರ್ಧೆಗಳಲ್ಲಿಯೂ ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿಯೂ ಮಕ್ಕಳಿಗೆ ಪುರಾಣಪುರುಷರ ಕಥೆಗಳನ್ನು ಹೇಳುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಪದ್ಧತಿ ಸ್ತುತ್ಯವಾದುದೇ ಸರಿ. ಆದರೆ ಕಥೆ ಮುಗಿಯುವುದೇ ತಡ, ‘ಈ ಕಥೆಯ ನೀತಿ ಏನು?’ ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಮಗು ಎದ್ದು ನಿಂತು ‘ಹಿಂಸೆ ಮಾಡಬಾರದು’ ಎಂದೋ ‘ಅಹಂಕಾರ ಪಡಬಾರದು’ ಎಂದೋ ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ, ಬಹುಮಾನ ಕೈಸೇರುತ್ತದೆ. ಕಥೆಯೊಳಗಿನ ಮನುಷ್ಯ ಮೊದಲು ಹೇಗಿದ್ದ, ಕೊನೆಗೆ ಏನಾದ, ನಡುವೆ ಯಾವ ಗಳಿಗೆಯಲ್ಲಿ ಏಕೆ ತಿರುಗಿದ ಎಂಬುದನ್ನು ಯಾರೂ ಕೇಳುವುದಿಲ್ಲ.

ಈ ಲೇಖನದ ವಾದ ಇಷ್ಟೇ: ನೀತಿಯನ್ನು ಉಳಿಸಿಕೊಂಡು ಪಾತ್ರವನ್ನು ಕೈಬಿಡುವ ಈ ಬೋಧನಕ್ರಮ ತಪ್ಪು. ಸಾಹಿತ್ಯದ ದೃಷ್ಟಿಯಿಂದ ತಪ್ಪೆಂದು ಹೇಳುವವರು ಬೇರೆ ಇದ್ದಾರೆ. ಜೈನ ಸಿದ್ಧಾಂತದ ದೃಷ್ಟಿಯಿಂದಲೇ ಇದು ತಪ್ಪು ಎಂಬುದನ್ನು ಧರ್ಮಬಂಧುಗಳ ಮುಂದೆ, ವಿಶೇಷವಾಗಿ ಬಸದಿಗಳ ಆಡಳಿತವನ್ನು ಹೊತ್ತ ಟ್ರಸ್ಟುಗಳ ಮುಂದೆ, ಇಡಬೇಕಾಗಿದೆ.

ಹಣೆಪಟ್ಟಿಯ ವಿದ್ಯೆ

ಶಾಲೆಗಳಲ್ಲಿ ನಡೆಯುವುದೂ ಇದಕ್ಕಿಂತ ಬಹಳ ಭಿನ್ನವಲ್ಲ. ‘ಪಾತ್ರವನ್ನು ಪರಿಚಯಿಸಿರಿ’ ಎಂಬ ಪ್ರಶ್ನೆಗೆ ನಾಲ್ಕು ಅಂಕ. ಉತ್ತರ ಮಾರ್ಗದರ್ಶಿಯಲ್ಲಿ ಮುದ್ರಿತವಾಗಿದೆ: ದುರ್ಯೋಧನ ಛಲವಾದಿ, ಕರ್ಣ ದಾನಶೂರ, ಧರ್ಮರಾಯ ಸತ್ಯಸಂಧ, ರಾವಣ ಪರಸ್ತ್ರೀ ಲಂಪಟ. ವಿದ್ಯಾರ್ಥಿ ಈ ವಿಶೇಷಣಗಳನ್ನು ಬಾಯಿಪಾಠ ಮಾಡಿ ಬರೆಯುತ್ತಾನೆ. ಅಲ್ಲಿಗೆ ಪಾತ್ರದ ಅಭ್ಯಾಸ ಮುಗಿಯಿತು. ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಪಾತ್ರಗಳನ್ನು ಚಪ್ಪಟೆಯಾದವು, ದುಂಡಾದವು ಎಂದು ಎರಡಾಗಿ ವಿಂಗಡಿಸಿದ. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಪಾತ್ರ ಚಪ್ಪಟೆಯಾದುದು, ನಮ್ಮನ್ನು ನಂಬಿಸುತ್ತಲೇ ಬೆರಗುಗೊಳಿಸಬಲ್ಲದ್ದು ದುಂಡಾದುದು. ನಮ್ಮ ಮಾರ್ಗದರ್ಶಿಗಳು ದುಂಡಾದ ಪಾತ್ರಗಳನ್ನೆಲ್ಲ ಹಿಡಿದು ಚಪ್ಪಟೆ ಮಾಡುತ್ತಿವೆ.

ಇದರಿಂದಾಗುವ ಹಾನಿ ಪರೀಕ್ಷೆಯ ಕೋಣೆಯೊಳಗೇ ನಿಲ್ಲುವುದಾದರೆ ಈ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಕಥೆಯಲ್ಲಿ ಮನುಷ್ಯರಿಗೆ ಹಣೆಪಟ್ಟಿ ಹಚ್ಚಲು ಕಲಿತ ಮಗು ಅದೇ ವಿದ್ಯೆಯನ್ನು ತರಗತಿಯ ಗೆಳೆಯನ ಮೇಲೆ, ಮನೆಯ ಕೆಲಸದವಳ ಮೇಲೆ, ನೆರೆಮನೆಯವರ ಮೇಲೆ ಪ್ರಯೋಗಿಸುತ್ತದೆ. ಅವನು ಕಳ್ಳ, ಇವಳು ಜಗಳಗಂಟಿ, ಆ ಮನೆಯವರೇ ಹಾಗೆ. ಇನ್ನೂ ದೊಡ್ಡ ಅಪಾಯವೆಂದರೆ, ಅದೇ ಪಟ್ಟಿಯನ್ನು ತನಗೂ ಹಚ್ಚಿಕೊಳ್ಳುತ್ತದೆ. ನಾನು ಶ್ರಾವಕಕುಲದಲ್ಲಿ ಹುಟ್ಟಿದವನು, ರಾತ್ರಿ ಉಣ್ಣುವುದಿಲ್ಲ, ಗೆಡ್ಡೆ ಗೆಣಸು ಮುಟ್ಟುವುದಿಲ್ಲ, ಆದುದರಿಂದ ನಾನು ಒಳ್ಳೆಯವನು. ಈ ನಂಬಿಕೆ ಬೇರೂರಿದ ಮೇಲೆ ತಕ್ಕಡಿಯ ಹಿಂದೆ ಕುಳಿತಾಗ ತಾನು ಏನು ಮಾಡುತ್ತಿದ್ದೇನೆ, ಆಸ್ತಿಯ ಪಾಲಿನ ಮಾತು ಬಂದಾಗ ತನ್ನ ದನಿ ಹೇಗೆ ಬದಲಾಯಿತು ಎಂಬುದನ್ನು ಆತ ಕಾಣಲಾರ. ಒಳ್ಳೆಯವನೆಂಬುದು ಹುಟ್ಟಿನಿಂದಲೇ ಸಿಕ್ಕ ಬಿರುದು ಎಂದುಕೊಂಡವನಿಗೆ ತಾನು ಕೆಡುತ್ತಿರುವುದು ತಿಳಿಯುವುದು ಹೇಗೆ?

ನಮ್ಮ ಆಗಮ ಇಂತಹ ಬಿರುದನ್ನು ಯಾರಿಗೂ ಶಾಶ್ವತವಾಗಿ ಕೊಟ್ಟಿಲ್ಲ. ಜೀವದ ಏರಿಳಿತವನ್ನು ಹದಿನಾಲ್ಕು ಗುಣಸ್ಥಾನಗಳಲ್ಲಿ ವಿವರಿಸಿದ ಆಚಾರ್ಯರು ಹನ್ನೊಂದನೆಯ ಉಪಶಾಂತಮೋಹ ಗುಣಸ್ಥಾನವನ್ನು ಮುಟ್ಟಿದ ಮುನಿಯೂ ಅಲ್ಲಿಂದ ಕೆಳಗೆ ಬೀಳುತ್ತಾನೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಅಡಗಿದ್ದ ಮೋಹ ಮತ್ತೆ ತಲೆ ಎತ್ತುತ್ತದೆ. ಹನ್ನೊಂದನೆಯ ಮೆಟ್ಟಿಲಿನಲ್ಲಿದ್ದವನಿಗೇ ಇಂತಹ ಭಯವಿರುವಾಗ ನಾಲ್ಕನೆಯ ತರಗತಿಯ ಹುಡುಗನಿಗೆ ‘ನೀನು ಒಳ್ಳೆಯವನು’ ಎಂಬ ಪ್ರಮಾಣಪತ್ರ ಕೊಟ್ಟು ಕಳುಹಿಸುವುದು ಯಾವ ಧರ್ಮಶಿಕ್ಷಣ?

ಮೂರು ಪ್ರಶ್ನೆಗಳು

ಭಾದ್ರಪದದ ದಶಲಕ್ಷಣದ ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ವಾಚಿಸುವ ಸಂಪ್ರದಾಯ ನಮ್ಮಲ್ಲಿ ಉಂಟು. ಅದರ ಐದನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ‘ಸತ್’ ಎಂದರೆ ಏನೆಂಬುದನ್ನು ನಿರೂಪಿಸುತ್ತಾರೆ. ಇರುವ ಪ್ರತಿಯೊಂದು ವಸ್ತುವಿನಲ್ಲಿಯೂ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರೂ ಏಕಕಾಲದಲ್ಲಿ ನಡೆಯುತ್ತಿರುತ್ತವೆ. ಹೊಸದೊಂದು ಪರ್ಯಾಯ ಹುಟ್ಟುತ್ತದೆ, ಹಳೆಯದೊಂದು ಅಳಿಯುತ್ತದೆ, ದ್ರವ್ಯ ಉಳಿಯುತ್ತದೆ. ಬಂಗಾರದ ಬಳೆಯನ್ನು ಕರಗಿಸಿ ಉಂಗುರ ಮಾಡಿದರೆ ಬಳೆ ಅಳಿಯಿತು, ಉಂಗುರ ಹುಟ್ಟಿತು, ಬಂಗಾರ ಉಳಿಯಿತು.

ಕಥೆಯ ಪಾತ್ರವೊಂದರ ಬೆಳವಣಿಗೆಯನ್ನು ಅರಿಯುವುದಕ್ಕೆ ಇದಕ್ಕಿಂತ ಉತ್ತಮವಾದ ಸಾಧನವನ್ನು ಯಾವ ವಿಶ್ವವಿದ್ಯಾಲಯವೂ ಕೊಡಲಾರದು. ಮಗುವಿಗೆ ಕೇಳಬೇಕಾದದ್ದು ಮೂರೇ ಪ್ರಶ್ನೆ. ಕಥೆಯ ಮೊದಲಿಗೆ ಇಲ್ಲದಿದ್ದ ಯಾವುದು ಈ ಮನುಷ್ಯನಲ್ಲಿ ಹುಟ್ಟಿತು? ಮೊದಲು ಇದ್ದದ್ದು ಯಾವುದು ಅಳಿಯಿತು? ಎಲ್ಲ ಬದಲಾವಣೆಯ ನಡುವೆ ಕೊನೆಯವರೆಗೂ ಉಳಿದುಕೊಂಡದ್ದು ಯಾವುದು? ವರ್ಷಕ್ಕೊಮ್ಮೆ ಆ ಸೂತ್ರವನ್ನು ಭಕ್ತಿಯಿಂದ ಪಠಿಸಿ, ಮರುದಿನವೇ ಮಕ್ಕಳ ಸ್ಪರ್ಧೆಯಲ್ಲಿ ‘ಒಂದು ವಾಕ್ಯದಲ್ಲಿ ನೀತಿ ಬರೆಯಿರಿ’ ಎಂದು ಕೇಳುವವರು ತಾವು ಪಠಿಸಿದ್ದನ್ನು ತಾವೇ ಮರೆತವರು ಎನ್ನದೆ ವಿಧಿಯಿಲ್ಲ.

ನಮ್ಮ ಕವಿಗಳು ತೋರಿದ ದಾರಿ

ಕನ್ನಡದ ಜೈನ ಕವಿಗಳು ಈ ಮೂರು ಪ್ರಶ್ನೆಗಳನ್ನು ಬಿಟ್ಟು ಕಥೆ ಹೇಳಿದವರೇ ಅಲ್ಲ. ಪಂಪ 941ರಲ್ಲಿ ಆದಿಪುರಾಣವನ್ನು ರಚಿಸಿದಾಗ ಆದಿನಾಥನ ಚರಿತೆಯನ್ನು ನೇರವಾಗಿ ಅಯೋಧ್ಯೆಯ ಅರಮನೆಯಲ್ಲಿ ಆರಂಭಿಸಲಿಲ್ಲ. ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ ಎಂದು ಭವದಿಂದ ಭವಕ್ಕೆ ಆ ಜೀವವನ್ನು ಹಿಂಬಾಲಿಸಿದ. ಭೋಗದಲ್ಲಿ ಮುಳುಗಿದ್ದ ಲಲಿತಾಂಗನೇ ಮುಂದೆ ತೀರ್ಥಂಕರನಾಗುವ ಜೀವ. ಭವಾವಳಿ ಎಂಬುದು ಮಕ್ಕಳಿಗೆ ಬೇಸರ ತರುವ ಹೆಸರುಗಳ ಪಟ್ಟಿಯೆಂದು ನಮ್ಮ ಸಂಕ್ಷೇಪಕಾರರು ಅದನ್ನು ಕತ್ತರಿಸಿ ಎಸೆಯುತ್ತಾರೆ. ಉಳಿಯುವುದು ಹುಟ್ಟಿದಾಗಲೇ ಪೂರ್ಣನಾಗಿದ್ದ ಮಹಾಪುರುಷ. ಅವನನ್ನು ಪೂಜಿಸಬಹುದು, ಆದರೆ ಅವನ ದಾರಿಯಲ್ಲಿ ತಾನೂ ನಡೆಯಬಹುದೆಂದು ಮಗುವಿಗೆ ತೋರುವುದಿಲ್ಲ.

ನಾಗಚಂದ್ರನ ರಾಮಚಂದ್ರಚರಿತಪುರಾಣದ ರಾವಣನನ್ನು ನೋಡಿರಿ. ಅವನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ನಳಕೂಬರನ ಪತ್ನಿ ಉಪರಂಭೆ ತಾನಾಗಿ ಬಯಸಿ ಬಂದಾಗಲೂ ಮನಸ್ಸನ್ನು ಸೋಲಲು ಬಿಡದೆ ಅವಳಿಗೆ ವಿವೇಕ ಹೇಳಿದವನು. ಅಂಥವನು ಸೀತೆಯನ್ನು ಕಂಡು ಜಾರಿದ. ಮಾರ್ಗದರ್ಶಿಯ ಉತ್ತರ ಇಲ್ಲಿಗೆ ನಿಲ್ಲುತ್ತದೆ. ನಾಗಚಂದ್ರ ನಿಲ್ಲುವುದಿಲ್ಲ. ಸೀತೆಯ ಮನಸ್ಸು ರಾಮನಿಂದ ಕದಲದೆಂಬುದನ್ನೂ ಅವಳು ದುಃಖದಿಂದ ಮೂರ್ಛೆ ಹೋದುದನ್ನೂ ಕಂಡ ರಾವಣನಲ್ಲಿ ಮೋಹ ಇಳಿಯುತ್ತದೆ, ಪಶ್ಚಾತ್ತಾಪ ಹುಟ್ಟುತ್ತದೆ. ಅವಳನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕ ಹೆದರಿದನೆಂದೀತು, ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಅನಂತರ ಒಪ್ಪಿಸುವೆನೆಂದು ಹೊರಡುತ್ತಾನೆ, ಅಳಿಯುತ್ತಾನೆ.

ಮೂರು ಪ್ರಶ್ನೆಗಳನ್ನು ಇಲ್ಲಿ ಹಾಕಿ ನೋಡಿದರೆ ತಿಳಿಯುತ್ತದೆ: ಅಳಿದದ್ದು ಕಾಮ, ಹುಟ್ಟಿದ್ದು ಪಶ್ಚಾತ್ತಾಪ, ಉಳಿದದ್ದು ಮಾನಕಷಾಯ. ರಾವಣನನ್ನು ಕೊಂದದ್ದು ಪರಸ್ತ್ರೀವ್ಯಾಮೋಹವಲ್ಲ, ತಪ್ಪನ್ನು ಅರಿತ ಮೇಲೂ ‘ನಾನು ಸೋತೆ’ ಎನ್ನಲಾರದ ಹಮ್ಮು. ಹತ್ತು ವರ್ಷದ ಮಗುವಿಗೆ ಪರಸ್ತ್ರೀವ್ಯಾಮೋಹದ ಅನುಭವವಿಲ್ಲ. ತಪ್ಪೆಂದು ಗೊತ್ತಿದ್ದೂ ತಮ್ಮನ ಮುಂದೆ ಒಪ್ಪಿಕೊಳ್ಳಲಾರದ ಅನುಭವ ಎಲ್ಲ ಮಕ್ಕಳಿಗೂ ಉಂಟು. ಪಾತ್ರವನ್ನು ಬಿಟ್ಟು ನೀತಿಯನ್ನು ಹಿಡಿದವರು ಮಗುವಿಗೆ ನಿಲುಕದ ನೀತಿಯನ್ನು ಕೊಟ್ಟು, ನಿಲುಕುವುದನ್ನು ಮುಚ್ಚಿಟ್ಟಂತಾಯಿತು.

1209ರಲ್ಲಿ ಜನ್ನ ರಚಿಸಿದ ಯಶೋಧರಚರಿತೆಯೂ ಹೀಗೆಯೇ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಹಿಂಸೆಯೇ, ಸಂಕಲ್ಪದಲ್ಲಿಯೇ ಪಾಪವಿದೆ ಎಂಬ ನೀತಿಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಆದರೆ ಯಶೋಧರ ಕ್ರೂರಿಯಲ್ಲ, ಹಿಂಸೆಯನ್ನು ಬಯಸಿದವನೂ ಅಲ್ಲ. ಆತ ಕಂಡ ದುಃಖವೊಂದನ್ನು ತಾಯಿಗೆ ಹೇಳಲಾರದೆ ಕನಸೆಂದು ಮರೆಮಾಚಿದ. ತಾಯಿ ಅದನ್ನು ದುಃಸ್ವಪ್ನವೆಂದು ತಿಳಿದು ಶಾಂತಿಗಾಗಿ ಬಲಿ ಕೊಡೆಂದಳು. ಆತ ಒಲ್ಲೆನೆಂದ. ತಾಯಿ ಒತ್ತಾಯಿಸಿದಳು. ಕೊನೆಗೆ ಜೀವವಿಲ್ಲದ ಹಿಟ್ಟಿನ ಕೋಳಿಯಾದರೆ ಆದೀತೆಂದು ಒಪ್ಪಿದ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತು. ಒಂದು ಮುಚ್ಚುಮರೆ, ಅದರಿಂದ ಒಂದು ಒತ್ತಾಯ, ಅದರಿಂದ ಒಂದು ರಾಜಿ. ಅಹಿಂಸೆಯನ್ನು ನಂಬಿದವನು ಹಿಂಸೆಗೆ ಹೇಗೆ ಬಂದು ಸೇರುತ್ತಾನೆ ಎಂಬುದರ ಚಿತ್ರವಿದು. ನಮ್ಮಲ್ಲಿ ಯಾರು ಕತ್ತಿ ಹಿಡಿದು ಬಲಿ ಕೊಡುತ್ತಾರೆ? ‘ಹಿರಿಯರು ಹೇಳಿದರು’, ‘ಹೆಸರಿಗಷ್ಟೇ ತಾನೆ’ ಎಂಬ ರಾಜಿಗಳನ್ನು ಮಾತ್ರ ಎಲ್ಲರೂ ಮಾಡುತ್ತೇವೆ. ಯಶೋಧರನ ಪಾತ್ರವನ್ನು ಹೆಜ್ಜೆಹೆಜ್ಜೆಯಾಗಿ ನೋಡಿದ ಮಗುವಿಗೆ ಆ ಮಾತುಗಳು ಕಿವಿಗೆ ಬಿದ್ದಾಗ ಎಚ್ಚರವಾದೀತು. ನೀತಿಯ ವಾಕ್ಯ ಬರೆದು ಬಹುಮಾನ ಪಡೆದವನಿಗೆ ಆ ಎಚ್ಚರ ಹುಟ್ಟುವ ದಾರಿ ಯಾವುದು?

ಕಾರ್ಕಳದಲ್ಲಿ 1432ರಿಂದ ನಿಂತಿರುವ ಬಾಹುಬಲಿಯ ಪಾದದ ಬಳಿಗೆ ನಮ್ಮ ಮಕ್ಕಳನ್ನು ಕರೆದೊಯ್ಯುತ್ತೇವೆ. ಗೆದ್ದವನು ತ್ಯಾಗ ಮಾಡಿದ ಎಂದು ಹೇಳಿ ಮುಗಿಸುತ್ತೇವೆ. ಎಲ್ಲವನ್ನೂ ಬಿಟ್ಟು ನಿಂತ ಮೇಲೂ ಅಣ್ಣನಿಗೆ ಸಂಬಂಧಿಸಿದ ಒಂದು ಶಲ್ಯ ಮನಸ್ಸಿನ ಮೂಲೆಯಲ್ಲಿ ಉಳಿದಿತ್ತೆಂಬುದನ್ನೂ, ಭರತ ಬಂದು ವಂದಿಸಿದ ಮೇಲೆಯೇ ಕೇವಲಜ್ಞಾನವಾಯಿತೆಂಬುದನ್ನೂ ವಿವರಿಸಿ ಹೇಳುವವರು ಎಷ್ಟು ಮಂದಿ? ಮೈಗೆ ಬಳ್ಳಿ ಹಬ್ಬಿದರೂ ಮನಸ್ಸಿನ ಮುಳ್ಳು ಹೋಗಿರಲಿಲ್ಲ. ಮೂಡುಬಿದಿರೆಯ ರತ್ನಾಕರವರ್ಣಿ ಭರತೇಶವೈಭವದಲ್ಲಿ ಇದೇ ಸಹೋದರರ ಪ್ರಸಂಗವನ್ನು ಪಂಪನಿಗಿಂತ ಬೇರೆಯಾಗಿ, ಭರತನ ಘನತೆಗೆ ಕುಂದು ಬರದಂತೆ ಚಿತ್ರಿಸಿದ. ಒಂದೇ ಪಾತ್ರವನ್ನು ಇಬ್ಬರು ಕವಿಗಳು ಎರಡು ಬಗೆಯಾಗಿ ಏಕೆ ಕಂಡರೆಂದು ಹೈಸ್ಕೂಲಿನ ವಿದ್ಯಾರ್ಥಿಯನ್ನು ಕೇಳಿದರೆ ಅನೇಕಾಂತವಾದದ ಮೊದಲ ಪಾಠ ಅಲ್ಲಿಯೇ ಆದೀತು.

ಇನ್ನು ಪಾತ್ರದ ಆಳವನ್ನು ಅಳೆಯಲು ಅಳತೆಗೋಲು ಬೇಕೆನ್ನುವವರಿಗೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವಿದೆ. ಕ್ರೋಧಕ್ಕೆ ನಾಲ್ಕು ದರ್ಜೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಮಾನಕ್ಕೂ ನಾಲ್ಕು: ಕಲ್ಲಿನಂತೆ ಬಾಗದ್ದು, ಎಲುಬಿನಂತಹದು, ಮರದಂತಹದು, ಬೆತ್ತದಂತೆ ಬಾಗುವುದು. ದುರ್ಯೋಧನನ ಮಾನ ಯಾವುದು, ಬಾಹುಬಲಿಯದು ಯಾವುದು ಎಂದು ಕೇಳಿದರೆ ಐದನೆಯ ತರಗತಿಯ ಮಗುವೂ ಯೋಚಿಸಿ ಉತ್ತರಿಸಬಲ್ಲದು. ನೇರಳೆಯ ಮರದ ಬಳಿ ನಿಂತ ಆರು ಮಂದಿಯ ಲೇಶ್ಯಾಚಿತ್ರವನ್ನೂ ಹೀಗೆ ಬಳಸಬಹುದು. ಆರು ಮಂದಿಗೂ ಹಸಿವು ಒಂದೇ. ಒಬ್ಬ ಬುಡವನ್ನೇ ಕಡಿಯಲು ಹೊರಟ, ಮತ್ತೊಬ್ಬ ಉದುರಿದ ಹಣ್ಣನ್ನು ಆರಿಸಿಕೊಂಡ. ಬುಡ ಕಡಿಯಲು ಹೊರಟವನು ನಾಳೆ ಕೊಂಬೆಗೆ, ನಾಡಿದ್ದು ಹಣ್ಣಿಗೆ ತೃಪ್ತನಾಗಬೇಕಾದರೆ ಅವನಲ್ಲಿ ಏನು ನಡೆಯಬೇಕು? ಈ ಪ್ರಶ್ನೆಯಿಂದಲೇ ಒಂದು ಕಥೆ ಆರಂಭವಾಗುತ್ತದೆ.

ನಮ್ಮ ಕಡಲ ಸೀಮೆಯ ಮನುಷ್ಯರು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಕಾರ್ಕಳ, ಮೂಡುಬಿದಿರೆಗಳಲ್ಲಿರುವಂತೆ ಜೈನ ಮನೆಗಳು ಒತ್ತಾಗಿ ಇಲ್ಲ. ಆದರೆ ಆಳುಪರ ರಾಜಧಾನಿಯಾಗಿದ್ದ ಬಾರಕೂರಿನ ಕತ್ತಲೆ ಬಸದಿಯೂ ಹಟ್ಟಿಯಂಗಡಿಯ ಬಸದಿಯೂ ಈ ಸೀಮೆಯ ಹಿಂದಿನ ವೈಭವಕ್ಕೆ ಸಾಕ್ಷಿಯಾಗಿವೆ. ಇಲ್ಲಿಯ ಮಗು ಎರಡು ಬಗೆಯ ಕಥೆಗಳ ನಡುವೆ ಬೆಳೆಯುತ್ತದೆ: ಪಾಠಶಾಲೆಯ ಪುರಾಣಕಥೆ ಒಂದು, ಊರಿನ ಮಣ್ಣಿನ ಕಥೆ ಇನ್ನೊಂದು. ಪಾತ್ರದ ಬೆಳವಣಿಗೆಯನ್ನು ತಿಳಿಯಲು ಎರಡೂ ಬೇಕು.

ಬಾರಕೂರಿನ ಭೂತಾಳಪಾಂಡ್ಯನ ಐತಿಹ್ಯವನ್ನೇ ತೆಗೆದುಕೊಳ್ಳಿರಿ. ಇದು ಇತಿಹಾಸವಲ್ಲ, ಜನ ನಂಬಿಕೊಂಡು ಬಂದ ಕಥೆ. ದೇವಪಾಂಡ್ಯನ ಹಡಗುಗಳು ನೀರಿಗಿಳಿಯಬೇಕಾದರೆ ಕುಂಡೋದರನೆಂಬ ಭೂತಕ್ಕೆ ನರಬಲಿ ಬೇಕಾಯಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಟ್ಟಳು. ಬಾಲಕ ಬದುಕುಳಿದು ಅರಸನಾದ. ಆದುದರಿಂದ ನಮ್ಮ ಅನೇಕ ಮನೆತನಗಳೂ ಅನುಸರಿಸಿಕೊಂಡು ಬಂದ ಅಳಿಯಸಂತಾನ ಕಟ್ಟು ಆರಂಭವಾಯಿತು ಎಂದು ಕಥೆ ಮುಗಿಯುತ್ತದೆ. ಕೊಡಲೊಪ್ಪದ ತಾಯಿಯನ್ನು ಸ್ವಾರ್ಥಿಯೆಂದೂ ಕೊಟ್ಟ ತಾಯಿಯನ್ನು ತ್ಯಾಗಿಯೆಂದೂ ಹೇಳಿ ಬಿಡುತ್ತೇವೆ. ಮಗನನ್ನು ಬಲಿಗೆ ಕೊಡೆನೆಂದ ತಾಯಿ ತಪ್ಪಿದಳೆ? ತಂಗಿಯ ಮನಸ್ಸಿನಲ್ಲಿ ಏನು ನಡೆಯಿತು? ಅಣ್ಣ ತನ್ನ ಹಡಗುಗಳಿಗಾಗಿ ತಂಗಿಯ ಮಗನನ್ನು ಸ್ವೀಕರಿಸಿದಾಗ ಅವನಲ್ಲಿ ಏನು ಅಳಿಯಿತು? ಅಹಿಂಸೆಯನ್ನು ಪರಮಧರ್ಮವೆನ್ನುವ ಮನೆಯಲ್ಲಿ ಈ ಪ್ರಶ್ನೆಗಳನ್ನು ಕೇಳದೆ ಈ ಕಥೆಯನ್ನು ಹೇಳುವುದೇ ಸಲ್ಲದು.

ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಇದೇ ಕರಾವಳಿಯ ಕೋಡಿಯನ್ನು ನೆಲೆಯಾಗಿಸಿಕೊಂಡು ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಬರೆದರು. ಮೂರು ತಲೆಮಾರಿನ ಈ ಕಥೆಯಲ್ಲಿ ಪೌರೋಹಿತ್ಯ, ಬೇಸಾಯಗಳಿಂದ ಬದುಕುವ ರಾಮ ಐತಾಳರಿದ್ದಾರೆ. ಸಂತಾನವಿಲ್ಲವೆಂದು ಪಾರೋತಿಯ ಮೇಲೆ ಎರಡನೆಯ ಹೆಂಡತಿಯನ್ನು ತರುವ ಐತಾಳರನ್ನು ಕೆಟ್ಟವರೆನ್ನಲು ಬರುವುದಿಲ್ಲ, ಒಳ್ಳೆಯವರೆಂದು ಬಿಟ್ಟುಬಿಡಲೂ ಬರುವುದಿಲ್ಲ. ಆ ಹಂಬಲದಿಂದ ಹುಟ್ಟಿದ ಮಗ ಲಚ್ಚನೇ ಪೇಟೆಗೆ ಓದಲು ಹೋಗಿ ದುಶ್ಚಟಗಳಿಗೆ ಬಿದ್ದು ಮನೆಯನ್ನು ಮುಳುಗಿಸುತ್ತಾನೆ. ಅವನ ಹೆಂಡತಿ ನಾಗವೇಣಿ ಎಲ್ಲವನ್ನೂ ಸಹಿಸಿ ಮಗನನ್ನು ಬೆಳೆಸುತ್ತಾಳೆ. ಆ ಮಗ, ಇನ್ನೊಬ್ಬ ರಾಮ, ನಗರಗಳನ್ನು ಸುತ್ತಿ ಕೊನೆಗೆ ಅಜ್ಜನ ಮಣ್ಣಿಗೇ ಮರಳುತ್ತಾನೆ. ಲಚ್ಚ ಒಂದೇ ದಿನದಲ್ಲಿ ಕೆಟ್ಟವನಲ್ಲ. ಯಾವ ದಿನ ಮನೆಯವರು ಕಂಡೂ ಕಾಣದಂತಿದ್ದರು, ಯಾವ ದಿನ ಮೊದಲ ಸುಳ್ಳು ದಕ್ಕಿತು ಎಂದು ಹುಡುಕುವುದೇ ಈ ಕಾದಂಬರಿಯ ಓದು. ಮಕ್ಕಳನ್ನು ಓದಿಗಾಗಿ ಮಂಗಳೂರಿಗೆ, ಬೆಂಗಳೂರಿಗೆ ಕಳುಹಿಸುವ ನಮ್ಮ ತಂದೆತಾಯಿಗಳು ಮಕ್ಕಳ ಜೊತೆ ಕುಳಿತು ಓದಬೇಕಾದ ಪುಸ್ತಕವಿದು. ‘ದುಶ್ಚಟಗಳಿಂದ ದೂರವಿರಿ’ ಎಂಬ ಫಲಕವನ್ನು ಲಚ್ಚನೂ ಓದಿಯಾನು.

ಕುಂದಾಪುರದವರೇ ಆದ ವೈದೇಹಿಯವರ ‘ಅಕ್ಕು’ ಕಥೆಯನ್ನು ಪ್ರೌಢಶಾಲೆಯ ಮೇಲಿನ ಮಕ್ಕಳಿಗೆ ಕೊಡಬಹುದು. ಮನೆಯವರೆಲ್ಲ ಹುಚ್ಚಿ ಎಂದು ಹಣೆಪಟ್ಟಿ ಹಚ್ಚಿದ, ಗಂಡ ಬಿಟ್ಟುಹೋದ ಹೆಣ್ಣೊಬ್ಬಳ ಕಥೆ ಅದು. ಓದುತ್ತ ಹೋದಂತೆ ಆ ಪಟ್ಟಿ ಯಾರಿಗೆ ಸಲ್ಲಬೇಕೆಂಬ ಸಂಶಯ ಓದುಗನಲ್ಲಿ ಏಳುತ್ತದೆ.

ಇನ್ನು ಯಕ್ಷಗಾನ. ಹಾರಾಡಿ, ಮಟಪಾಡಿ ಎಂಬ ಎರಡು ನಡೆಗಳು ಬ್ರಹ್ಮಾವರದ ಸುತ್ತಣ ಊರುಗಳ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಸಾಲಿಗ್ರಾಮದ ಮಕ್ಕಳ ಮೇಳದಲ್ಲಿ ಮಕ್ಕಳೇ ಗೆಜ್ಜೆ ಕಟ್ಟಿ ಬಣ್ಣ ಹಚ್ಚಿ ಪಾತ್ರ ವಹಿಸಿದರು. ತಾಳಮದ್ದಲೆಯಲ್ಲಿ ವಾಲಿಯ ಪಾತ್ರಧಾರಿ ರಾಮನನ್ನು ಎದುರಿಸಿ ಪ್ರಶ್ನೆ ಕೇಳುವಾಗ ಸಭೆಯ ಮಗು ಎರಡೂ ಪಕ್ಷವನ್ನು ಕೇಳಿಸಿಕೊಳ್ಳುತ್ತದೆ. ಇಂದಿನ ಅರ್ಥಧಾರಿಯ ಕರ್ಣ ನಾಳೆಯ ಅರ್ಥಧಾರಿಯ ಕರ್ಣನಲ್ಲ ಎಂಬುದನ್ನೂ ಅದು ಗಮನಿಸುತ್ತದೆ. ರಾತ್ರಿಯ ಆಟದಲ್ಲಿ ಇಷ್ಟು ಸೂಕ್ಷ್ಮವಾಗಿ ಕೇಳಿ ಕಲಿತ ಮಗುವಿಗೆ ಹಗಲಿನ ಪಾಠಶಾಲೆಯಲ್ಲಿ ‘ವಾಲಿ ದುಷ್ಟ’ ಎಂಬ ಎರಡು ಪದವನ್ನು ಕೊಡುತ್ತೇವೆ. ಒಂದು ಎಚ್ಚರ ಮಾತ್ರ ಅಗತ್ಯ. ಮಾತುಗಾರಿಕೆಯ ಬಲದಿಂದ ಅಧರ್ಮವೂ ಧರ್ಮದಂತೆ ಕೇಳಿಸೀತು. ಪಾತ್ರ ಏನು ಹೇಳಿತು, ಏನು ಮಾಡಿತು ಎಂಬೆರಡನ್ನು ಬೇರ್ಪಡಿಸಿ ನೋಡುವುದನ್ನು ಹಿರಿಯರು ಕಲಿಸಬೇಕು.

ಆಕ್ಷೇಪಗಳಿಗೆ ಉತ್ತರ

ಈ ವಾದಕ್ಕೆ ಕೆಲವು ಆಕ್ಷೇಪಗಳು ಸಹಜವಾಗಿ ಬರುತ್ತವೆ. ದುಷ್ಟನ ಮನಸ್ಸನ್ನು ವಿವರಿಸಿದರೆ ಮಗು ದುಷ್ಟತನವನ್ನು ಕ್ಷಮಿಸಲು ಕಲಿಯುವುದಿಲ್ಲವೆ ಎಂಬುದು ಮೊದಲನೆಯದು. ಕಾರಣವನ್ನು ತಿಳಿಯುವುದು ಬೇರೆ, ಸಮರ್ಥಿಸುವುದು ಬೇರೆ. ಕರ್ಮಸಿದ್ಧಾಂತ ಬಂಧದ ಕಾರಣಗಳನ್ನು ಎಷ್ಟು ವಿವರವಾಗಿ ಹೇಳಿದೆಯೋ ಅಷ್ಟೇ ನಿಷ್ಠುರವಾಗಿ ಫಲವನ್ನೂ ಹೇಳಿದೆ. ಯಶೋಧರನ ಸಂಕಟವನ್ನು ಕರುಣೆಯಿಂದ ಚಿತ್ರಿಸಿದ ಜನ್ನ ಅವನನ್ನು ಪಶುಪಕ್ಷಿಗಳ ಭವಗಳಲ್ಲಿ ಅಲೆದಾಡಿಸದೆ ಬಿಟ್ಟನೆ? ಕಾರಣವನ್ನು ಕಾಣದವನಿಗೆ ಪಾಪವನ್ನು ದ್ವೇಷಿಸಲು ಬಾರದು, ಪಾಪಿಯನ್ನು ದ್ವೇಷಿಸಲು ಮಾತ್ರ ಬಂದೀತು.

ಎರಡನೆಯ ಆಕ್ಷೇಪ ವಯಸ್ಸಿನದು. ಅಮೃತಮತಿಯ ಪ್ರಸಂಗವನ್ನು ಎಂಟು ವರ್ಷದ ಮಗುವಿಗೆ ಹೇಳಬಹುದೆ? ಹೇಳಬಾರದು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತಾಯಿ, ಮಗ, ಹಿಟ್ಟಿನ ಕೋಳಿ ಇಷ್ಟನ್ನೇ ಹೇಳಬಹುದು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದು ಒಂದು. ಕಳ್ಳನಾಗಿದ್ದವನು ಋಷಿಯಾಗುವ ಆ ಕಥೆಯನ್ನು ಯಾವ ವಯಸ್ಸಿನವರೂ ಕಿವಿಗೊಟ್ಟು ಕೇಳುತ್ತಾರೆ. ವಯಸ್ಸಿಗೆ ತಕ್ಕ ಭಾಗವನ್ನು ಆರಿಸುವುದು ವಿವೇಕ, ಪಾತ್ರವನ್ನೇ ಕಿತ್ತುಹಾಕುವುದು ಸೋಮಾರಿತನ.

ಮೂರನೆಯದು, ಕಾದಂಬರಿಗಳು ಲೌಕಿಕವಾದವು, ಜೈನರು ಬರೆದವೂ ಅಲ್ಲ, ಧರ್ಮಸಂಸ್ಥೆಗೆ ಅವುಗಳಿಂದ ಏನು ಪ್ರಯೋಜನವೆಂಬುದು. ಪಂಪ ಆದಿಪುರಾಣವನ್ನೂ ಬರೆದ, ವಿಕ್ರಮಾರ್ಜುನವಿಜಯವನ್ನೂ ಬರೆದ. ರನ್ನ ಅಜಿತಪುರಾಣದ ಜೊತೆಗೆ ಗದಾಯುದ್ಧವನ್ನೂ ಬರೆದ. ಲೌಕಿಕ ಕಾವ್ಯವೆಂದು ಅವರು ಹಿಂಜರಿದಿದ್ದರೆ ಕರ್ಣ, ದುರ್ಯೋಧನರ ಅಂತಹ ಚಿತ್ರಗಳು ಕನ್ನಡಕ್ಕೆ ದಕ್ಕುತ್ತಿರಲಿಲ್ಲ. ಅವರಿಗಿಲ್ಲದ ಮಡಿ ನಮಗೇಕೆ?

ಟ್ರಸ್ಟುಗಳು ಮಾಡಬೇಕಾದದ್ದು

ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ, ಸಭಾಭವನಗಳಿಗೆ ನಮ್ಮ ಟ್ರಸ್ಟುಗಳು ಹಣ ಕೂಡಿಸುತ್ತವೆ. ಅದು ಬೇಡವೆಂದಲ್ಲ. ಆದರೆ ಇಲ್ಲಿ ಸೂಚಿಸುತ್ತಿರುವ ಕೆಲಸಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ದೇಣಿಗೆಯೂ ಬೇಕಿಲ್ಲ. ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ, ಒಂದು ಕೋಣೆ, ಒಂದು ಕಥೆ, ಓದಿ ಹೇಳಬಲ್ಲ ಒಬ್ಬ ನಿವೃತ್ತ ಅಧ್ಯಾಪಕರೋ ಓದುವ ಹವ್ಯಾಸವಿರುವ ಒಬ್ಬ ತಾಯಿಯೋ ಇದ್ದರೆ ಸಾಕು. ಮನೆಗಳು ಚದರಿಹೋಗಿರುವ ನಮ್ಮ ಮೂರು ತಾಲೂಕುಗಳಲ್ಲಿ ನಾಲ್ಕು ಮನೆಯ ಮಕ್ಕಳು ಒಂದೆಡೆ ಸೇರಿದರೂ ಆದೀತು.

ಕಥೆಯನ್ನು ಓದಿದ ಮೇಲೆ ನೀತಿಯನ್ನು ಕೇಳಬೇಡಿರಿ. ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಕೇಳಿರಿ. ಅನಂತರ ನಾಲ್ಕನೆಯದೊಂದನ್ನು ಕೇಳಿರಿ: ಈ ಮನುಷ್ಯನಿಗೆ ಬೇರೊಂದು ದಾರಿ ಯಾವ ಗಳಿಗೆಯವರೆಗೆ ತೆರೆದಿತ್ತು? ರಾವಣನಿಗೆ ಯುದ್ಧದ ಹಿಂದಿನ ದಿನದವರೆಗೂ ತೆರೆದಿತ್ತು. ಯಶ­ೋಧರನಿಗೆ ತಾಯಿಯ ಎದುರು ನಿಜ ಹೇಳಬಹುದಾಗಿದ್ದ ಗಳಿಗೆಯವರೆಗೆ ತೆರೆದಿತ್ತು. ಮಕ್ಕಳು ಜಗಳವಾಡಲಿ, ಒಬ್ಬರನ್ನೊಬ್ಬರು ಒಪ್ಪದಿರಲಿ. ಉತ್ತರವನ್ನು ಕಥೆಯ ಒಳಗಿನ ಮಾತು ಅಥವಾ ಕೃತ್ಯವೊಂದನ್ನು ತೋರಿಸಿಯೇ ಹೇಳಬೇಕೆಂಬ ಒಂದೇ ಕಟ್ಟಳೆಯಿರಲಿ. ಹಾಗೆ ತೋರಿಸಲು ಕಲಿತ ಮಗು ಮುಂದೆ ಜೀವಂತ ಮನುಷ್ಯರ ಮೇಲೆಯೂ ಸಾಕ್ಷ್ಯವಿಲ್ಲದೆ ತೀರ್ಪು ಕೊಡಲು ಹಿಂಜರಿಯುತ್ತದೆ.

ಸ್ಪರ್ಧೆಗಳನ್ನು ನಿಲ್ಲಿಸಬೇಕಿಲ್ಲ, ತಿರುಗಿಸಿದರೆ ಸಾಕು. ನೀತಿಯನ್ನು ಒಪ್ಪಿಸಿದ ಮಗುವಿನ ಬದಲು ಉತ್ತಮ ಪ್ರಶ್ನೆ ಕೇಳಿದ ಮಗುವಿಗೆ ಬಹುಮಾನ ಕೊಡಿರಿ. ‘ಯಶೋಧರನ ತಾಯಿಯಾಗಿ ಒಂದು ಪುಟ ಬರೆ’, ‘ಭರತನು ಚಕ್ರವನ್ನು ಪ್ರಯೋಗಿಸಿದ ರಾತ್ರಿ ಏನನ್ನು ಯೋಚಿಸಿದ?’ ಎಂಬಂತಹ ವಿಷಯಗಳನ್ನು ಕೊಡಿರಿ. ಪುರಾಣಕಥೆಗಳ ಸಂಕ್ಷೇಪಗಳನ್ನು ಅಚ್ಚು ಹಾಕಿಸುವ ಟ್ರಸ್ಟುಗಳು ಪತನದ ಭಾಗವನ್ನೂ ಭವಾವಳಿಯನ್ನೂ ಕತ್ತರಿಸದಂತೆ ಸಂಪಾದಕರಿಗೆ ಸೂಚಿಸಲಿ. ಕೊನೆಯ ಪುಟದಲ್ಲಿ ಚೌಕಟ್ಟು ಹಾಕಿ ‘ನೀತಿ’ ಎಂದು ಮುದ್ರಿಸುವ ಕಡೆ ಆ ನಾಲ್ಕು ಪ್ರಶ್ನೆಗಳನ್ನು ಮುದ್ರಿಸಲಿ.

ತಂದೆತಾಯಿಗಳ ಹೊಣೆಯೂ ಉಂಟು. ಮೊಬೈಲಿನ ಪರದೆಯ ಮೇಲೆ ಮೂರು ನಿಮಿಷದಲ್ಲಿ ಓಡುವ ಕಥೆಯಲ್ಲಿ ಮನುಷ್ಯ ಬದಲಾಗಲು ಸಮಯವೇ ಇಲ್ಲ. ಒಳ್ಳೆಯವನು ಒಳ್ಳೆಯವನಾಗಿಯೇ ಬರುತ್ತಾನೆ, ಕೆಟ್ಟವನು ಹೊಡೆತ ತಿಂದು ಹೋಗುತ್ತಾನೆ. ಸಂಜೆಯ ಊಟ ಮುಗಿದು ದೀಪ ಹಚ್ಚಿದ ಮೇಲೆ ಉಳಿಯುವ ಹೊತ್ತು ನಮ್ಮ ಮನೆಗಳಲ್ಲಿ ಇತರರಿಗಿಂತ ಹೆಚ್ಚಾಗಿಯೇ ಇದೆ. ಅದರಲ್ಲಿ ಅರ್ಧ ಗಂಟೆಯನ್ನು ಗಟ್ಟಿಯಾಗಿ ಓದುವುದಕ್ಕೆ ಮೀಸಲಿಡಲು ಏನು ಅಡ್ಡಿ?

ಪ್ರತಿಕ್ರಮಣವೆಂದರೆ ತಾನು ನಡೆದ ದಾರಿಯಲ್ಲಿ ಹಿಂದಿರುಗಿ ಎಲ್ಲಿ ತಪ್ಪಿದೆನೆಂದು ನೋಡುವುದು. ಪಾಠವನ್ನು ಒಪ್ಪಿಸಿದಂತೆ ಆ ಪಾಠವನ್ನೂ ಒಪ್ಪಿಸಿ ಎದ್ದು ಹೋಗುವ ಪೀಳಿಗೆಯೊಂದು ನಮ್ಮ ಕಣ್ಣೆದುರೇ ಬೆಳೆಯುತ್ತಿದೆ. ಹೆಜ್ಜೆ ತಪ್ಪಿದ ಗಳಿಗೆಯನ್ನು ಕಥೆಯ ಮನುಷ್ಯನಲ್ಲಿ ಗುರುತಿಸಲು ಕಲಿಯದ ಮಗು ತನ್ನಲ್ಲಿ ಗುರುತಿಸುವುದು ಕಷ್ಟ. ಬರುವ ಭಾದ್ರಪದದ ಸ್ಪರ್ಧೆಗಳ ಪಟ್ಟಿಯನ್ನು ಸಿದ್ಧಪಡಿಸುವ ಮುನ್ನ ಟ್ರಸ್ಟುಗಳ ಪದಾಧಿಕಾರಿಗಳು ಈ ವಿಚಾರವನ್ನು ತಮ್ಮ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಲಿ. ಒಪ್ಪದವರು ವಿರೋಧಿಸಿ ಬರೆಯಲಿ, ಅದಕ್ಕೂ ಸ್ವಾಗತವಿದೆ. ನೀತಿಯ ಒಂದು ವಾಕ್ಯವನ್ನು ಕೈಗಿಟ್ಟು ಮಕ್ಕಳನ್ನು ಮನೆಗೆ ಕಳುಹಿಸುವ ಕೆಲಸವನ್ನು ಮಾತ್ರ ಧರ್ಮಶಿಕ್ಷಣವೆಂದು ಇನ್ನು ಕರೆಯದಿರೋಣ.